ದೊರೆಯ ಕೋಟು, ದರ್ಜಿಯ ಸೂಜಿ

ಸುಂಟಿಕೊಪ್ಪದ ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಏನೇ ಕೆಟ್ಟರೂ "ಅದಕ್ಕೇನಂತೆ ಮಾರಾಯಾ" ಎನ್ನುವರು. ಇಂಗ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಕೋಟು ತೊಟ್ಟ ಫೋಟೋ ಬೇಕು, ನನ್ನಲ್ಲಿ ಕೋಟಿಲ್ಲ ಎಂದಾಗಲೂ ಅದನ್ನೇ ಅಂದರು. ಎಸ್ಟೇಟಿನ ಇಂಗ್ಲಿಷ್ ದೊರೆ ರಿಪೇರಿಗೆ ಕೊಟ್ಟಿದ್ದ ಕೋಟನ್ನೇ ನನಗೆ ತೊಡಿಸಿ, ಸಡಿಲವನ್ನೆಲ್ಲ ಬೆನ್ನ ಹಿಂದೆ ಸೂಜಿ ಚುಚ್ಚಿ ಬಿಗಿದರು.

"ಉಸಿರು ಬಿಡ್ಬೇಡ."

ದರ್ಜಿ ಕರೆಸಿದ್ದ ಫೋಟೋದವನು ಕ್ಯಾಮೆರಾ ಹೂಡುವಷ್ಟರಲ್ಲಿ ದೊರೆಯೇ ಅಂಗಡಿಗೆ ಬಂದರು. ದರ್ಜಿ ತಣ್ಣಗೆ, "ನಿಮ್ಮ ಕೋಟು ಲಂಡನ್ನಿಗೆ ಅರ್ಜಿ ಹಾಕ್ತಾ ಉಂಟು ದೊರೆ" ಎಂದರು. ದೊರೆ ನನ್ನನ್ನು ಸುತ್ತಿ ನೋಡಿದರು. ಆಮೇಲೆ ತಮ್ಮ ಟೈ ಬಿಚ್ಚಿ ನನ್ನ ಕೊರಳಿಗೆ ಕಟ್ಟಿದರು.

ಸೀಟು ಸಿಕ್ಕಿತು. ಸುದ್ದಿ ಹೇಳಲು ಹೋದಾಗ ದರ್ಜಿ ಅಳತೆಪಟ್ಟಿ ತೆಗೆದರು.

"ನಿಂಗೇ ಒಂದು ಕೋಟು ಹೊಲಿಯುವ, ನಿಲ್ಲು. ಅಲ್ಲಿಯವರು ಬೆನ್ನನ್ನೂ ನೋಡ್ತಾರಲ್ಲ."