ಚಾಂದನಿಯ ಬೆನ್ನಿಗೊಂದು ಜೀನು

ವೈಜಯಂತಿಯ ಬಗ್ಗೆ ಬರೆಯುತ್ತಿದ್ದೇನೆಂದು ಗೊತ್ತಾದರೆ ಆಕೆ ನನ್ನನ್ನು ಬೈಯುತ್ತಾಳೆ. ಬೈಯಲಿ. ಸೈನ್ಯದಲ್ಲಿ ಕುದುರೆಗಳ ಜೊತೆಯೇ ಆಯಸ್ಸು ಕಳೆದವನು ನಾನು, ಹೆಸರು ಬೊಳ್ಳಪ್ಪ. ನಿವೃತ್ತಿಯಾದ ಮೇಲೆ ಕೊಡಗಿಗೆ ಮರಳದೆ ಉತ್ತರದಲ್ಲೇ ಉಳಿದು, ಮಾನೇಸರ್ ಹತ್ತಿರ ಲಾಯ ಇಟ್ಟುಕೊಂಡು, ರಜೆಯ ದಿನ ಬರುವ ಆಫೀಸಿನವರಿಗೂ ಅವರ ಮಕ್ಕಳಿಗೂ ಸವಾರಿ ಕಲಿಸುತ್ತೇನೆ. ಅವರಲ್ಲಿ ಮುಕ್ಕಾಲು ಪಾಲು ಮಂದಿಗೆ ಬೇಕಾದದ್ದು ಕುದುರೆಯ ಮೇಲೆ ಕೂತ ಒಂದು ಫೋಟೊ, ಅಷ್ಟೆ. ಜನರನ್ನು ಹೊಗಳುವ ಚಟ ನನಗಿಲ್ಲ. ಆದರೆ ಈ ಹೆಂಗಸನ್ನು ಹೊಗಳದೆ ಇರಲು ನನ್ನಿಂದ ಆಗುತ್ತಿಲ್ಲ.

ವೈಜಯಂತಿ ದಾವಣಗೆರೆಯವಳು. ಇಲ್ಲಿನ ಒಂದು ಕಾರ್ಖಾನೆಯಲ್ಲಿ ಕಾರಿನ ಸೀಟುಗಳ ವಿನ್ಯಾಸ ಮಾಡುವ ಇಂಜಿನಿಯರ್. ನಲವತ್ತು ದಾಟಿದ ಮೇಲೆ ಸವಾರಿ ಕಲಿಯಲು ಬಂದಳು. ಬೇರೆ ಕುದುರೆಗಳು ಆಕೆಯ ಹೆದರಿಕೆಯನ್ನು ಮೂಸಿ ಕಂಡುಕೊಂಡು ಚೆನ್ನಾಗಿ ಆಟ ಆಡಿಸಿದವು. ಚಾಂದನಿ ಎಂಬ ನಮ್ಮ ಬಿಳಿ ಹೆಣ್ಣುಕುದುರೆ ಮಾತ್ರ, ಆಕೆ ಸರಿಯಾಗಿ ಕೂರುವ ತನಕ ಅಲುಗಾಡದೆ ನಿಲ್ಲುತ್ತಿತ್ತು. ವಾರವಿಡೀ ಮೀಟಿಂಗುಗಳಲ್ಲಿ ಹಿಂಡಿ ಹಿಪ್ಪೆಯಾಗಿ ಬಂದವಳು ಚಾಂದನಿಯ ಮೇಲೆ ಮೈದಾನ ಸುತ್ತಿ ಇಳಿದಾಗ ಮುಖದ ಕಳೆಯೇ ಬೇರೆ ಇರುತ್ತಿತ್ತು.

ಕಳೆದ ಜನವರಿಯ ಮಂಜಿನಲ್ಲಿ ಯಾವನೋ ಟ್ರಕ್ಕಿನವನು ಕಿವಿಯ ಹತ್ತಿರವೇ ಹಾರನ್ ಬಾರಿಸಿ, ಚಾಂದನಿ ಸರ್ವಿಸ್ ರಸ್ತೆಯಲ್ಲಿ ಜಾರಿ ಎಡಮಗ್ಗುಲಿಗೆ ಬಿತ್ತು. ಮೂಳೆ ಉಳಿಯಿತು. ಎಡ ಹೆಗಲಿನ ಹಿಂದಿನ ಸ್ನಾಯು ಹರಿಯಿತು. ಡಾಕ್ಟರು ಹೇಳಿದಂತೆ ಮೊದಲು ಬರೀ ವಿಶ್ರಾಂತಿ, ಆಮೇಲೆ ಹಗ್ಗ ಹಿಡಿದು ನಡೆಸುವುದು, ಆಮೇಲೆ ಗುಡ್ಡದ ಇಳಿಜಾರು ಹತ್ತಿಸುವುದು. ಮಳೆಗಾಲದ ಹೊತ್ತಿಗೆ ನಡಿಗೆ ಸರಿಹೋಯಿತು. ಆದರೆ ಕೆಲಸವಿಲ್ಲದ ಸ್ನಾಯು ಕರಗಿ ಎಡಗಡೆ ಅಂಗೈ ಕೂರುವಷ್ಟು ತಗ್ಗು ಬಿದ್ದಿತ್ತು. ಹಳೆಯ ಜೀನು ಹಾಕಿದರೆ ಅದು ಎಡಕ್ಕೆ ವಾಲಿ ಬೆನ್ನುಮೂಳೆಯ ಪಕ್ಕ ಒತ್ತುತ್ತಿತ್ತು. ಜೀನು ಕಂಡರೇ ಸಾಕು, ಕಿವಿ ಹಿಂದಕ್ಕೆ ಮಡಿಚಿ ಕಚ್ಚಲು ಬರುತ್ತಿತ್ತು.

ಜಾಗದ ಮಾಲೀಕ, ಕುದುರೆಗಳಲ್ಲಿ ಅರ್ಧ ಪಾಲುದಾರ, ಧರ್ಮವೀರ್ ಯಾದವ್. ಕೆಟ್ಟವನಲ್ಲ, ಆದರೆ ಕುದುರೆ ಕೂತು ತಿನ್ನುವುದು ಅವನ ಕಣ್ಣಿಗೆ ಆಗಿಬರುವುದಿಲ್ಲ. "ದೀಪಾವಳಿ ತನಕ ನೋಡ್ತೀನಿ ಸಾಬ್," ಎಂದ. "ಸವಾರಿಗೆ ಬಂದ್ರೆ ಸರಿ. ಇಲ್ಲಾಂದ್ರೆ ಬಾರಾತ್‌ನವರು ಬಿಳಿ ಘೋಡಿ ಕೇಳ್ತಾನೇ ಇದಾರೆ."

ಬಾರಾತ್ ಎಂದರೆ ವರನ ಮೆರವಣಿಗೆ. ಇಲ್ಲಿಯ ಮದುವೆಗಳಲ್ಲಿ ವರ ಬಿಳಿ ಹೆಣ್ಣುಕುದುರೆಯ ಮೇಲೆ ಬರಬೇಕು, ಅವನ ಮುಂದೆ ಒಂದು ಸಣ್ಣ ಹುಡುಗನನ್ನೂ ಕೂರಿಸುತ್ತಾರೆ. ಜರಿಯ ಭಾರದ ಜೀನು, ಬ್ಯಾಂಡು, ಪಟಾಕಿ. ಗಟ್ಟಿ ಬೆನ್ನಿನ ಕುದುರೆಗೆ ಅದು ದೊಡ್ಡ ಮಾತಲ್ಲ. ಚಾಂದನಿಗೆ ಅದು ಸಾವೇ ಸರಿ.

ವೈಜಯಂತಿ ಇದನ್ನು ಕೇಳಿ ಹೆಲ್ಮೆಟ್ ಕೈಯಲ್ಲೇ ಹಿಡಿದು ನಿಂತುಬಿಟ್ಟಳು. "ಬಾರಾತ್‌ಗೆ ಕಳಿಸೋ ಹಾಗಿಲ್ಲ ಸರ್. ನೀವು ಅವರಿಗೆ ಏನಾದ್ರೂ ಹೇಳಿ, ನಾನು ಜೀನು ನೋಡ್ತೀನಿ."

ನನಗೆ ನಗು ಬಂತು. ಕಾರಿನ ಸೀಟು ಮಾಡುವವಳು ಕುದುರೆಯ ಜೀನು ನೋಡುತ್ತಾಳಂತೆ!

ಮೊದಲ ಸಲ ಆಕೆ ಮಾಡಿದ್ದು ಸೀಟಿನವರು ಮಾತ್ರ ಮಾಡುವಂಥ ತಪ್ಪು. ಜೀನಿನ ಕೆಳಗೆ ಹಾಕುವ ದಪ್ಪ ಬಟ್ಟೆಗೆ ನಾವು ನಮ್ದಾ ಎನ್ನುತ್ತೇವೆ. ಅದರೊಳಗೆ ತನಗೆ ಗೊತ್ತಿದ್ದ ಅತಿ ಒಳ್ಳೆಯ ಫೋಮನ್ನು ಇಟ್ಟು ಹೊಲಿದು ತಂದಳು. ಕೈಯಿಟ್ಟರೆ ಬೆಣ್ಣೆ. ಅದನ್ನು ಹಾಕಿ, ಸವಾರನಿಲ್ಲದೆಯೇ ಹಗ್ಗದಲ್ಲಿ ಸುತ್ತಿಸಿದೆವು. ವಾರ ಕಳೆಯುವಷ್ಟರಲ್ಲಿ ಬೆನ್ನಿನ ಎರಡೂ ಕಡೆ ಊದಿಕೊಂಡು ಕೂದಲು ಉಜ್ಜಿಹೋಯಿತು. ಜೀನಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಅದು ಹಿಗ್ಗುವುದಿಲ್ಲ. ಬಿಗಿಯಾದ ಬೂಟಿನೊಳಗೆ ಇನ್ನೊಂದು ಕಾಲುಚೀಲ ಹಾಕಿದಂತೆ, ಮೆತ್ತೆ ದಪ್ಪವಾದಷ್ಟೂ ಜೀನು ಹೆಗಲನ್ನು ಇನ್ನಷ್ಟು ಹಿಡಿದಿತ್ತು.

ಬೇರೆಯವರಾಗಿದ್ದರೆ ಹವೆ, ಮೇವು, ಕುದುರೆ ನೋಡುವ ಆಳು, ಯಾರ ಮೇಲಾದರೂ ಹಾಕುತ್ತಿದ್ದರು. ಆಕೆ ಊದಿದ ಜಾಗವನ್ನು ಮೃದುವಾಗಿ ಮುಟ್ಟಿ ನೋಡಿ, ನನ್ನ ಕಡೆ ತಿರುಗಿದಳು. "ನಾನೇ ಮಾಡಿದ್ದು ಸರ್. ಇಷ್ಟು ವರ್ಷ ಮೇಲೆ ಕೂರೋರ ಬಗ್ಗೆ ಮಾತ್ರ ಯೋಚನೆ ಮಾಡಿದೀನಿ. ಕಾರಿನ ನೆಲಕ್ಕೆ ನೋವಾಗಲ್ವಲ್ಲ." ಆಮೇಲೆ ಕುದುರೆಯ ಕುತ್ತಿಗೆಗೆ ಹಣೆಯಿಟ್ಟು ಅತ್ತಳು. ನಾನು ನೀರು ತರುವ ನೆಪದಲ್ಲಿ ಆಚೆ ಹೋದೆ.

ಅಂದಿನಿಂದ ಆಕೆ ಕೆಲಸವನ್ನು ಕೆಳಗಿನಿಂದ ಶುರು ಮಾಡಿದಳು. ಊತ ಇಳಿಯುವ ತನಕ ಜೀನಿನ ಸುದ್ದಿಯೇ ಇಲ್ಲ. ಬಗ್ಗುವ ತಂತಿಯನ್ನು ಚಾಂದನಿಯ ಹೆಗಲಿನ ಮೇಲೆ ಒತ್ತಿ, ಬಂದ ಆಕಾರವನ್ನು ಹಳೆಯ ಪೇಪರಿನ ಮೇಲೆ ಗೀಚಿದಳು. ಅದಕ್ಕೆ ಹೊಂದುವ ಅಗಲ ಚೌಕಟ್ಟಿನ ಜೀನು ಹುಡುಕಲು ನನ್ನನ್ನು ಮೀರತ್ ತನಕ ಎಳೆದುಕೊಂಡು ಹೋದಳು. ಅದರ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಉಣ್ಣೆಯನ್ನೆಲ್ಲ ತೆಗೆದು, ಹೊಸ ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ತುಂಬಿದಳು. ನಡುವೆ ಬೆನ್ನುಮೂಳೆಗೆ ಏನೂ ತಾಗದಂತೆ ಅಗಲವಾದ ಕಾಲುವೆ. ಹೆಗಲು ಆಡಲು ಅಡ್ಡವಾಗದಂತೆ ಜೀನಿನ ಮುಂಭಾಗದ ಚರ್ಮ ಹಿಂದಕ್ಕೆ. ಎಡಗಡೆಯ ತಗ್ಗಿಗೆ ಮಾತ್ರ, ಜೀನು ವಾಲದಂತೆ, ಒಂದು ತೆಳು ಕಂಬಳಿಯ ತುಂಡು.

ಮುಗಿಯಿತಲ್ಲ ಎಂದು ನಾನು ಉಸಿರು ಬಿಟ್ಟರೆ, ಮುಂದಿನ ವಾರ ಮತ್ತೆ ತಂತಿ ಹಿಡಿದು ಹಾಜರ್! ನಡೆದಂತೆಲ್ಲ ಸ್ನಾಯು ತುಂಬುತ್ತಿರುತ್ತದೆ, ಬೆನ್ನು ಬದಲಾದರೆ ಜೀನೂ ಬದಲಾಗಬೇಕು ಎನ್ನುವುದು ಆಕೆಯ ಹಟ. ಆ ಕಂಬಳಿಯ ತುಂಡನ್ನು ಆಗಾಗ ಸೀಳಿ ತೆಳುವಾಗಿಸುತ್ತ ಹೋದಳು. ಹಗ್ಗದಲ್ಲಿ ಸುತ್ತಿಸಿ ಜೀನು ಬಿಚ್ಚಿದ ಕೂಡಲೇ ಬೆವರು ನೋಡುತ್ತಿದ್ದಳು. ಬೆನ್ನೆಲ್ಲ ಒಂದೇ ಸಮ ಒದ್ದೆಯಾಗಿದ್ದರೆ ಒಳ್ಳೆಯದು. ನಡುವೆ ಒಂದು ಕಡೆ ಒಣಗಿ ಉಳಿದರೆ ಅಲ್ಲಿ ಒತ್ತುತ್ತಿದೆ ಎಂದರ್ಥ, ಮತ್ತೆ ಹೊಲಿಗೆ ಬಿಚ್ಚು. ಯಾದವ್ ನಡುವೆ ಬಂದು, "ಮೇಡಂ, ಈಗಲೇ ಯಾರನ್ನಾದ್ರೂ ಹತ್ತಿಸಿ ನೋಡಿ," ಎಂದರೆ, "ದೀಪಾವಳಿ ಅಂದಿದೀರಲ್ಲ, ದೀಪಾವಳಿಗೇ ಬನ್ನಿ," ಎಂದು ಸೂಜಿಯಿಂದ ಕಣ್ಣೆತ್ತದೆ ಹೇಳಿ ಕಳಿಸುತ್ತಿದ್ದಳು. ಅವನಿಗೆ ಹಾಗೆ ಹೇಳುವ ಧೈರ್ಯ ಈ ಸುತ್ತಿನಲ್ಲಿ ಇನ್ಯಾರಿಗೂ ಇಲ್ಲ.

ದೀಪಾವಳಿ ಕಳೆದ ಭಾನುವಾರ ಯಾದವ್ ಬಂದ. ಜೊತೆಗೆ ಬಾರಾತ್‌ಗೆ ಕುದುರೆ ಕೊಡುವ ಒಬ್ಬ ಮುದುಕನೂ ಬಂದಿದ್ದ. ವೈಜಯಂತಿ ಜೀನು ತೆಗೆದುಕೊಂಡು ಚಾಂದನಿಯ ಹತ್ತಿರ ಹೋದಳು. ಕುದುರೆ ಜೀನನ್ನು ಮೂಸಿತು, ತಲೆ ತಗ್ಗಿಸಿತು, ಅಲುಗಾಡದೆ ನಿಂತಿತು. ನಾನು ಲಾಯದ ಕಂಬ ಹಿಡಿದುಕೊಂಡೆ. ಕಡ್ಡಿಯಂತಿರುವ ಆಕೆಯ ಮಗಳು ಹಂಸಿನಿ ಹತ್ತಿದಳು. ಮೊದಲು ನಡಿಗೆ, ಆಮೇಲೆ ಎರಡೂ ದಿಕ್ಕಿಗೆ ಹಗುರವಾದ ಓಟ. ಜೀನು ಎತ್ತಲೂ ವಾಲಲಿಲ್ಲ.

"ಅಮ್ಮಾ, ಏಕ್‌ದಮ್ ರಿಲ್ಯಾಕ್ಸ್ ಆಗಿದಾಳೆ, ಸಚ್ಚಿ!" ಎಂದು ಹುಡುಗಿ ಕೂಗಿದಳು.

ಜೀನು ಬಿಚ್ಚಿದಾಗ ಬೆವರು ಒಂದೇ ಸಮ ಇತ್ತು. ಮುದುಕ ಬಂದು ಬೆನ್ನಿನುದ್ದಕ್ಕೂ ಬೆರಳು ಒತ್ತಿ ನೋಡಿದ. "ನನಗೆ ಬೇಡ ಯಾದವ್‌ಜಿ," ಎಂದ. "ಯಾರೋ ಇಷ್ಟು ಕಷ್ಟಪಟ್ಟು ಕಟ್ಟಿರೋ ಬೆನ್ನು ಇದು. ಬಾರಾತ್‌ಗೆ ಹಾಕಿದ್ರೆ ಒಂದೇ ಸೀಸನ್‌ನಲ್ಲಿ ಮುರೀತದೆ."

ಯಾದವ್ ಮೀಸೆ ತಿರುವಿದ. ಆಮೇಲೆ ನಕ್ಕುಬಿಟ್ಟ. "ಚಲೋ, ಇಲ್ಲೇ ಇರಲಿ. ಮೇಡಂ, ಮತ್ತೆ ಜೀನು ಹಾಕಿ. ಈಗ ನೀವು ಹತ್ತಬೇಕು."

"ನಾನು ಹತ್ತೋ ಹಾಗಿಲ್ಲ," ಎಂದಳು ವೈಜಯಂತಿ. "ಇವಳ ಮೇಲೆ ಇನ್ನು ಹಗುರ ಇರೋರು ಮಾತ್ರ ಕೂರಬೇಕು. ಯಾವತ್ತಿಗೂ. ಡಾಕ್ಟ್ರು ಹೇಳಿದಾರೆ. ನನ್ನ ತೂಕ ಜಾಸ್ತಿ."

"ಯಾವಾಗ ಹೇಳಿದ್ರಮ್ಮ?" ಎಂದು ಕೇಳಿದೆ. ನನಗೆ ಈ ಮಾತೇ ಗೊತ್ತಿರಲಿಲ್ಲ.

"ಬಿದ್ದ ವಾರಾನೇ ಸರ್. ನಾನೇ ಫೋನ್ ಮಾಡಿ ಕೇಳಿದ್ದೆ."

ಅಂದರೆ ಒಂದು ಹೊಲಿಗೆಯನ್ನೂ ಬಿಚ್ಚುವ ಮೊದಲೇ ಆಕೆಗೆ ಗೊತ್ತಿತ್ತು. ನನ್ನ ಕಣ್ಣು ತುಂಬಿತು. ದೀಪಾವಳಿಯ ಹೊಗೆಗೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅಂದುಕೊಳ್ಳಲಿ. ಆಕೆ ಆಗಲೇ ಜೀನನ್ನು ಬೇಲಿಯ ಮೇಲಿಟ್ಟು, ಮುಂದಿನ ವಾರದಿಂದ ಚಾಂದನಿಯ ಮೇಲೆ ಕಲಿಯಲು ಬರುವ ಮಕ್ಕಳ ಕಾಲಿಗೆ ಎಟುಕಲೆಂದು ರಿಕಾಬಿನ ಪಟ್ಟಿಗಳನ್ನು ಗಿಡ್ಡ ಮಾಡುತ್ತಿದ್ದಳು.