ಮುಕ್ಕಾಲು ಸಿನಿಮಾ ಶಿವನಂಜಯ್ಯನ ಮಗಳು

“ನಾನ್ ದೊಡ್ಡೋಳಾದ್ಮೇಲೆ ನಿಂಗೆ ಒಂದ್ ಪಿಚ್ಚರ್ನ ಕೊನೆಗಂಟ ತೋರುಸ್ತೀನಿ ಕಣಪ್ಪ.” ನಲವತ್ತೇಳು ವರ್ಷಗಳ ಹಿಂದೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ, ಸತ್ತೇಗಾಲದ ಕೊನೆಯ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಮೂಗು ಒರೆಸಿಕೊಳ್ಳುತ್ತಾ ಹತ್ತು ವರ್ಷದ ಹುಡುಗಿಯೊಬ್ಬಳು ಅಪ್ಪನಿಗೆ ಕೊಟ್ಟ ಮಾತು ಇದು. ಆ ಹುಡುಗಿ ಪುಟ್ಟಬಸಮ್ಮನವರಿಗೆ ಈಗ ಐವತ್ತೇಳು. ಅಪ್ಪ ಶಿವನಂಜಯ್ಯನವರಿಗೆ ಎಂಬತ್ತೆರಡು.

ಬೆಳಗಿನ ಐದೂವರೆ. ಕೊಳ್ಳೇಗಾಲದ ಹಿಂಬೀದಿಯ ಶೆಡ್ಡೊಂದರಲ್ಲಿ ಬಾಯ್ಲರ್ ಆಗಲೇ ಬುಸುಗುಡುತ್ತಿದೆ. ಒಳಗೆ ಕಾಲಿಟ್ಟವರನ್ನು ಮೊದಲು ಹಿಡಿಯುವುದು ಬೆಂದ ರೇಷ್ಮೆಹುಳುವಿನ ವಾಸನೆ, ಆಮೇಲೆ ಹಬೆ. ಹಬೆಯ ನಡುವೆ ಎಂಟು ಬೇಸಿನ್, ಎಂಟು ಜನ ಹೆಂಗಸರು. ಮೂರನೆಯ ಬೇಸಿನ್ ಪುಟ್ಟಬಸಮ್ಮನವರದು. ಸುಡುಸುಡು ನೀರಿನಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದು, ಎಂಟು ಗೂಡಿನ ಎಂಟು ಎಳೆ ಕೂಡಿಸಿ ಒಂದು ನೂಲು ಮಾಡಿ, ಮೇಲೆ ತಿರುಗುವ ರಾಟೆಗೆ ಕೊಡುತ್ತಾರೆ. ಇಂಥ ಹತ್ತು ನೂಲು ಒಟ್ಟಿಗೆ ಓಡುತ್ತಿರುತ್ತವೆ. ಒಂದು ಗೂಡು ಖಾಲಿಯಾದ ಕ್ಷಣ ಇನ್ನೊಂದರ ಎಳೆ ಎಸೆಯಬೇಕು. ಕಣ್ಣು ಅತ್ತಿತ್ತ ಆಡುವ ಹಾಗಿಲ್ಲ.

“ಅಕ್ಕ, ಸುರು ಮಾಡಿ,” ಎಂದು ಕೊನೆಯ ಬೇಸಿನ್‌ನಿಂದ ನಾಗಶ್ರೀ ಕೂಗುತ್ತಾಳೆ. ಇಲ್ಲಿ ಎಲ್ಲರಿಗಿಂತ ಚಿಕ್ಕವಳು, ಯಳಂದೂರಿನಿಂದ ಮದುವೆಯಾಗಿ ಬಂದವಳು.

“ಎಲ್ಗಂಟ ಯೋಳಿದ್ದೆ?”

“ಆ ತಾಯಿ ಬಾವಿ ತಾವ ನಿಂತವ್ಳೆ. ನೆನ್ನೆ ಮೂರ್ ಗಂಟೆಯಿಂದ ಅಲ್ಲೇ ನಿಂತವ್ಳೆ ಕಣವ್ವ, ಪಾಪ, ಅವ್ಳಿಗೂ ಕಾಲ್ ನೋಯಲ್ವಾ?” ಪಕ್ಕದ ಬೇಸಿನ್ನಿನ ಪುಟ್ಟಮಾದಮ್ಮ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಜೊತೆಗಾತಿ, ಬಾಯಿ ಜೋರು.

ಪುಟ್ಟಬಸಮ್ಮ ರಾಟೆಯ ಸದ್ದಿಗಿಂತ ಒಂದು ಪಟ್ಟು ಮೇಲೆ ದನಿಯೇರಿಸಿ, ಬಾವಿಯ ಕಟ್ಟೆಯ ಬಳಿ ನಿಂತ ತಾಯಿಯಿಂದ ಸಿನಿಮಾ ಮುಂದುವರಿಸುತ್ತಾರೆ. ಎಲ್ಲರ ಹತ್ತಿರವೂ ಫೋನ್ ಇದೆ, ಆದರೆ ಒದ್ದೆ ಕೈಯಲ್ಲಿ ಅದನ್ನು ಮುಟ್ಟುವಂತಿಲ್ಲ. ಹಾಡು ಹಾಕಿದರೆ ಯಂತ್ರದ ಗದ್ದಲ ನುಂಗುತ್ತದೆ. ಹಾಗಾಗಿ ಇಪ್ಪತ್ತೇಳು ವರ್ಷದಿಂದ ಈ ಶೆಡ್ಡಿಗೆ ಪುಟ್ಟಬಸಮ್ಮನವರೇ ಸಿನಿಮಾ. ದಿನಕ್ಕೆ ಏಳು ಕಿಲೋ ಗೂಡು ಬಿಚ್ಚುವಷ್ಟರಲ್ಲಿ ಒಂದು ಕಥೆಯ ಅರ್ಧ ಆಗುತ್ತದೆ. ಫೈಟು ಬಂದರೆ ನೂಲು ಜಾಸ್ತಿ ಕಡಿಯುತ್ತದೆ ಎಂದು ಮಾಲೀಕ ಉದಯಕುಮಾರ್ ದೂರುತ್ತಾರೆ. “ಅಳೋ ಸೀನೇ ಯೋಳವ್ವ, ಕೆಲ್ಸ ನೀಟಾಯ್ತದೆ” ಎಂದು ಅವರು ಬಾಗಿಲಿನಿಂದಲೇ ಹೇಳಿ ಹೋಗುವುದುಂಟು.

ಬಿಡುವಿನಲ್ಲಿ ಟೀ ಲೋಟ ಹಿಡಿದ ಅವರ ಕೈ ನೋಡಬೇಕು. ಬೆರಳು ಬೆಳ್ಳಗೆ ಬೆಂದು ನೆರಿಗೆಗಟ್ಟಿವೆ, ಉಗುರಿನ ಸಂದುಗಳು ಒಡೆದಿವೆ. ಗೆರೆಗಳೆಲ್ಲ ಸವೆದು ಹೋಗಿ ರೇಷನ್ ಅಂಗಡಿಯ ಯಂತ್ರ ಅವರ ಗುರುತು ಹಿಡಿಯುವುದಿಲ್ಲ. “ನನ್ ಹೆಬ್ಬೆಟ್ಟು ನಂದಲ್ಲ ಅಂತದೆ ಮಿಷೀನು. ಅಕ್ಕಿ ತರಕೆ ಮಗ್ಳು ಓಗ್ಬೇಕು,” ಎಂದು ನಗುತ್ತಾರೆ. ಮಲಗುವ ಮುನ್ನ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಬೆಳಿಗ್ಗೆ ಮತ್ತೆ ಅದೇ ನೀರು.

ಕಥೆಗಳೆಲ್ಲ ಅಪ್ಪನವು. ಶಿವನಂಜಯ್ಯ ಸತ್ತೇಗಾಲದ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದವರು. ಶನಿವಾರ ಬೆಲ್ಲದ ಗಾಡಿಯ ಜೊತೆ ಕೊಳ್ಳೇಗಾಲಕ್ಕೆ ಬಂದು, ಮಂಡಿಯಲ್ಲಿ ಅಚ್ಚು ಇಳಿಸಿ ಮುಗಿಸುವಷ್ಟರಲ್ಲಿ ಸಂಜೆ ಆರು ದಾಟುತ್ತಿತ್ತು. ಮೊದಲನೇ ಆಟ ಆರೂವರೆಗೆ. ಮುಗಿಯುವುದು ಒಂಬತ್ತು ಇಪ್ಪತ್ತಕ್ಕೆ. ಊರಿಗೆ ಕೊನೆಯ ಬಸ್ಸು ಒಂಬತ್ತಕ್ಕೆ. ಬೆಳಗಿನ ಜಾವ ನಾಲ್ಕಕ್ಕೆ ಆಲೆಮನೆಯ ಒಲೆ ಹಚ್ಚಬೇಕಾದ ಮನುಷ್ಯ ಬಸ್ಸು ತಪ್ಪಿಸಿಕೊಳ್ಳುವಂತಿರಲಿಲ್ಲ. ಹದಿನೇಳು ವರ್ಷ ಅವರು ನೋಡಿದ ಯಾವ ಸಿನಿಮಾಕ್ಕೂ ಕೊನೆಯ ಅರ್ಧ ಗಂಟೆ ಇರಲಿಲ್ಲ.

ಊರಿಗೆ ಮಾತ್ರ ಪೂರ್ತಿ ಸಿನಿಮಾ ಸಿಗುತ್ತಿತ್ತು. ಭಾನುವಾರ ಸಂಜೆ ಜಗಲಿಯಲ್ಲಿ ಮೂವತ್ತು ನಲವತ್ತು ಜನ ಸೇರುತ್ತಿದ್ದರು. ಹೆಂಗಸರು ಬಾಗಿಲ ಹಿಂದೆ. ಶಿವನಂಜಯ್ಯ ಹೀರೋ ಆಗಿ ಎದೆಯುಬ್ಬಿಸಿ, ಅತ್ತೆಯಾಗಿ ಸೊಂಟಕ್ಕೆ ಕೈಕೊಟ್ಟು, ಕುದುರೆಯಾಗಿ ಕೆನೆದು ಕಥೆ ಹೇಳುತ್ತಿದ್ದರು. ನೋಡಿರದ ಭಾಗ ಬಂದಾಗ ತಡವರಿಸುತ್ತಿರಲಿಲ್ಲ. ತಮ್ಮದೇ ಕಟ್ಟಿ ಹೇಳುತ್ತಿದ್ದರು. ಅವರ ಸಿನಿಮಾಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ವಿಷ ಕುಡಿದವಳಿಗೆ ವಾಂತಿಯಾಗುತ್ತಿತ್ತು. ಗುಂಡು ತಗುಲಿದವನ ಜೇಬಿನಲ್ಲಿ ಎಲೆಅಡಿಕೆ ಡಬ್ಬಿ ಇರುತ್ತಿತ್ತು. ಕೊನೆಗೆ ಎಲ್ಲರೂ ಸಾಲಾಗಿ ಕೂತು ಊಟ ಮಾಡುತ್ತಿದ್ದರು.

ಗುಟ್ಟು ಮೊದಲು ಗೊತ್ತಾಗಿದ್ದು ಮಗಳಿಗೆ. ಹಟ ಹಿಡಿದ ಪುಟ್ಟಬಸಮ್ಮನನ್ನು ಅಪ್ಪ ಒಂದು ಶನಿವಾರ ಕರೆತಂದರು. ಹೀರೋಯಿನ್ನನ್ನು ಕಂಬಕ್ಕೆ ಕಟ್ಟಿದ್ದಾರೆ, ಬೆಂಕಿ ಹಚ್ಚಿದ್ದಾರೆ. ಅಷ್ಟರಲ್ಲಿ ಅಪ್ಪ ರಟ್ಟೆ ಹಿಡಿದು ಎಬ್ಬಿಸಿದರು. ಹುಡುಗಿ ಬಸ್ ನಿಲ್ದಾಣದವರೆಗೆ ಅಳುತ್ತಲೇ ಬಂದಳು. ‘ಅವ್ಳು ಸುಟ್ಟೋಗ್ಬುಡ್ತಾಳೆ ಕಣಪ್ಪ!’

“ಇಲ್ಲ ಕಣಮ್ಮಿ, ಮಳೆ ಬತ್ತದೆ,” ಎಂದರಂತೆ ಅಪ್ಪ.

“ನೀನ್ ನೋಡಿದ್ಯಾ?”

ಅಪ್ಪ ಸುಳ್ಳು ಹೇಳಲಿಲ್ಲ. ನೋಡಿಲ್ಲ, ಯಾವುದನ್ನೂ ಕೊನೆತನಕ ನೋಡಿಲ್ಲ, ಊರಿನವರಿಗೆ ಹೇಳಬೇಡ ಎಂದರು. ಆಗ ಬಸ್ಸಿನ ಮೆಟ್ಟಿಲ ಮೇಲೆ ಮಗಳು ಕೊಟ್ಟಿದ್ದೇ ಆ ಮಾತು.

ಮಗಳು ಬಾಯಿ ಬಿಡಲಿಲ್ಲ, ಟಿ.ವಿ. ಬಿಟ್ಟಿತು. ಊರಿನ ಮೊದಲ ಟಿ.ವಿ. ಬಂದದ್ದು ಜಮೀನುದಾರ ವೃಷಭೇಂದ್ರಪ್ಪನವರ ಮನೆಗೆ. ಒಂದು ಭಾನುವಾರ ಊರಿಗೆ ಊರೇ ಅವರ ಹಜಾರದಲ್ಲಿ ಕೂತು, ಶಿವನಂಜಯ್ಯ ಹತ್ತು ವರ್ಷದ ಹಿಂದೆ ಹೇಳಿದ್ದ ಸಿನಿಮಾವನ್ನೇ ನೋಡಿತು. ಕೊನೆಯಲ್ಲಿ ತಾಯಿ ಸತ್ತಳು. ಎಲ್ಲರೂ ಪರದೆ ಬಿಟ್ಟು ಶಿವನಂಜಯ್ಯನ ಕಡೆ ತಿರುಗಿದರು. ಮುದುಕಿ ಚನ್ನಮಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು, “ಇವ್ಳನ್ನ ನೀನ್ ಉಳಿಸಿದ್ಯಲ್ಲೋ ಶಿವನಂಜ! ಇಷ್ಟ್ ವರ್ಸ ಬದ್ಕವ್ಳೆ ಅಂತಿದ್ನಲ್ಲೋ!” ಎಂದು ಗೋಳಾಡಿದರು.

ಮಾರನೇ ದಿನದಿಂದ ಅವರು ‘ಮುಕ್ಕಾಲ್ ಪಿಚ್ಚರ್’ ಶಿವನಂಜಯ್ಯ. ಆಲೆಮನೆಯಲ್ಲಿ, ಮದುವೆ ಮನೆಯಲ್ಲಿ, ಕಟಿಂಗ್ ಅಂಗಡಿಯಲ್ಲಿ ಅದೇ ಹೆಸರು. ಯಾರೋ ಅವರಿಗೆ ಎಲೆಯಲ್ಲಿ ಪಾಯಸ ಮುಕ್ಕಾಲು ಸೌಟು ಬಡಿಸಿ ನಕ್ಕರಂತೆ. ಅವರೂ ನಕ್ಕರು. ಆದರೆ ಕಥೆ ಹೇಳುವುದನ್ನು ಬಿಟ್ಟರು, ಥಿಯೇಟರಿಗೆ ಹೋಗುವುದನ್ನೂ ಬಿಟ್ಟರು.

ಪುಟ್ಟಬಸಮ್ಮ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದರು. ಗಂಡ ಹನೂರಿನ ಕಡೆ ಗೂಡು ಸಾಗಿಸುವ ಟೆಂಪೋ ಓಡಿಸುತ್ತಿದ್ದರು. ಚಿಕ್ಕ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ ತೀರಿಕೊಂಡರು. ಅಲ್ಲಿಂದಾಚೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮುದ್ದೆ ತಿರುವಿ, ಇಬ್ಬರು ಹೆಣ್ಣುಮಕ್ಕಳ ಜಡೆ ಹೆಣೆದಿಟ್ಟು ಶೆಡ್ಡಿಗೆ ಓಡುವುದು. ಭಾನುವಾರ ಎಂದರೆ ಬಟ್ಟೆಯ ರಾಶಿ. ಎಂಟು ವರ್ಷದ ಹಿಂದೆ ಅಪ್ಪನನ್ನು ತಮ್ಮಲ್ಲಿಗೇ ಕರೆತಂದರು. ಮನೆಯಿಂದ ಥಿಯೇಟರಿಗೆ ಹತ್ತು ನಿಮಿಷದ ನಡಿಗೆ. ಆದರೂ ಆಗಲಿಲ್ಲ. ಕರೆದಾಗಲೆಲ್ಲ ಅಪ್ಪ, “ನಂಗ್ಯಾಕವ್ವ ಈಗ?” ಎನ್ನುತ್ತಿದ್ದರು. ಟಿ.ವಿ.ಯಲ್ಲಿ ಸಿನಿಮಾ ಬಂದರೆ ಎದ್ದು ಹೋಗಿ ಜಗಲಿಯಲ್ಲಿ ಕೂರುತ್ತಿದ್ದರು.

ಈ ಬೇಸಿಗೆಯಲ್ಲಿ ಮೈಸೂರಿನ ಕಣ್ಣಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಬಲಗಣ್ಣು ಹೋಗಿದೆ. ಎಡಗಣ್ಣಿನ ದೃಷ್ಟಿ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ. ಒಂದು ವರ್ಷ ಕಾಣಬಹುದು, ಕಾಣದೆಯೂ ಇರಬಹುದು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಪುಟ್ಟಬಸಮ್ಮ ಅಪ್ಪನ ಹೆಗಲಿನ ಟವೆಲ್ಲಿನ ಅಂಚು ಹಿಡಿದುಕೊಂಡೇ ಕೂತಿದ್ದರಂತೆ. “ಇನ್ನ ತಡ ಮಾಡುದ್ರೆ ಕತ್ಲೇಲಿ ಕೂರ್ಸಿ ಸದ್ದು ಕೇಳುಸ್ಬೇಕಾಯ್ತದೆ ಅಂತ ಅನ್ನುಸ್ಬುಡ್ತು ನಂಗೆ.”

ಬೇಯಿಸಿದ ಗೂಡನ್ನು ಬಿಟ್ಟು ಏಳುವಂತಿಲ್ಲ. ಮಧ್ಯಾಹ್ನದ ರಜೆ ಕೇಳಿದಾಗ ಉದಯಕುಮಾರ್ ತಲೆ ಕೆರೆದರು. ಪುಟ್ಟಮಾದಮ್ಮ ನಡುವೆ ಬಾಯಿ ಹಾಕಿದರು: “ಅವ್ಳ ಬೇಸಿನ್ನು ನಾ ನೋಡ್ಕತೀನಿ ಬುಡಿ ಸಾ. ಎರಡ್ ಕೈ ಅದೆ ನಂಗೆ.” ಪುಟ್ಟಬಸಮ್ಮನ ಕಡೆ ತಿರುಗಿ, “ಓಗು. ಆದ್ರೆ ಬಂದ್ ಕತೆ ಯೋಳ್ಬೇಕು, ಪೂರ್ತಿ,” ಎಂದರು.

ಕಳೆದ ತಿಂಗಳ ಒಂದು ಗುರುವಾರ, ಮ್ಯಾಟಿನಿ. ಶಿವನಂಜಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟರು. ಮಗಳ ಮಾತಿಗೆ ಇಲ್ಲವೆನ್ನಲು ಈ ಸಲ ಅವರಿಗೆ ಮನಸ್ಸಾಗಲಿಲ್ಲ. ಸಿನಿಮಾ ಅಣ್ಣತಮ್ಮಂದಿರದು. ಇಬ್ಬರೂ ಲಾರಿ ಡ್ರೈವರುಗಳು, ಜಮೀನಿಗೆ ಜಗಳವಾಡಿ ಬೇರೆಯಾದವರು. ಕತ್ತು ಓರೆ ಮಾಡಿ ಎಡಗಣ್ಣನ್ನೇ ಪರದೆಗೆ ಕೊಟ್ಟು ಕೂತ ಅಪ್ಪ ಐದೇ ನಿಮಿಷಕ್ಕೆ ಹಳೆಯ ಶಿವನಂಜಯ್ಯ ಆಗಿಬಿಟ್ಟರು. ವಿಲನ್ನಿಗೆ ಬೈದರು. ನಗೆಯ ದೃಶ್ಯಕ್ಕೆ ಮಗಳ ಮೊಣಕಾಲಿಗೆ ಹೊಡೆದು ನಕ್ಕರು. ಇಂಟರ್‌ವಲ್‌ನಲ್ಲಿ ಕಡಲೆಕಾಯಿ ತಿನ್ನುತ್ತಾ, “ಆ ಅತ್ಗೆ ಪಾತ್ರದವ್ಳು ಒಳ್ಳೇವ್ಳು ಕಣವ್ವ, ನೋಡ್ತಿರು,” ಎಂದರು.

ಕೊನೆಗೆ ಇನ್ನು ಇಪ್ಪತ್ತು ನಿಮಿಷ. ತಮ್ಮನ ಲಾರಿಯ ಬ್ರೇಕನ್ನು ಯಾರೋ ಕೆಡಿಸಿದ್ದಾರೆ, ಲಾರಿ ಘಟ್ಟ ಇಳಿಯುತ್ತಿದೆ. ಶಿವನಂಜಯ್ಯ ಮಗಳ ಕೈ ಹಿಡಿದರು.

“ನಡಿ, ಓಗವ.”

“ಬಸ್ಸಿಲ್ಲ ಕಣಪ್ಪ ಈಗ. ಮನೆ ಇಲ್ಲೇ ಅದೆ.”

“ಬಸ್ಸಿಗಲ್ಲ ಕಣವ್ವ.”

“ಇನ್ನ ಇಪ್ಪತ್ತೇ ನಿಮಿಸ. ಕೂತ್ಕೊ ನನ್ನಪ್ಪ. ನಾನ್ ಯೋಳಿದ್ನಲ್ಲ ನಿಂಗೆ…”

“ಆ ತಮ್ಮುನ್ನ ಸಾಯುಸ್ಬುಡ್ತಾರೆ ಕಣಮ್ಮಿ ಇವ್ರು. ನಂಗೊತ್ತಾಯ್ತದೆ. ಕಣ್ಣಾರೆ ನೋಡ್ಬುಟ್ರೆ ಆಮೇಲೆ ನನ್ ಕೈಲಿ ಏನೂ ಮಾಡಕಾಗಲ್ಲ.”

ಹಿಂದಿನ ಸಾಲಿನವರು ‘ಕೂತ್ಕೊಳ್ರೀ ತಾತ’ ಎಂದು ಕೂಗಿದರು. ಪುಟ್ಟಬಸಮ್ಮನಿಗೆ ಒಂದು ಗಳಿಗೆ ಸಿಟ್ಟೇ ಬಂತು. ನಲವತ್ತೇಳು ವರ್ಷ ಕಾದದ್ದು, ಬೇಡಿ ಪಡೆದ ಅರ್ಧ ದಿನ, ಮುಚ್ಚಿಕೊಂಡು ಬರುತ್ತಿರುವ ಆ ಕಣ್ಣು. ಪರದೆಯ ಬೆಳಕಿನಲ್ಲಿ ಅಪ್ಪನ ಮುಖ ನೋಡಿದರು. ಅವರ ಕಣ್ಣು ಆಗಲೇ ಪರದೆಯ ಮೇಲಿರಲಿಲ್ಲ, ತುಟಿ ಏನನ್ನೋ ಗೊಣಗುತ್ತಿತ್ತು. ಮಗಳು ಎದ್ದರು. ಅಪ್ಪನ ಕೈಹಿಡಿದು ಮೆಟ್ಟಿಲು ಎಣಿಸುತ್ತಾ ಇಳಿಸಿಕೊಂಡು ಹೊರಗೆ ಬಂದರು.

ಹೊರಗೆ ನಾಲ್ಕು ಗಂಟೆಯ ಬಿಸಿಲು. ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತು ಶಿವನಂಜಯ್ಯ ಮೂವತ್ತೈದು ವರ್ಷಗಳ ಮೇಲೆ ಮತ್ತೆ ಕಥೆಗೆ ಬಾಯಿ ಬಿಟ್ಟರು. ಲಾರಿ ಹುಣಸೇಮರಕ್ಕೆ ಒರಗಿ ನಿಂತಿತು. ತಮ್ಮನಿಗೆ ಕಾಲು ಮಾತ್ರ ಮುರಿಯಿತು. ಅಣ್ಣ ಅವನನ್ನು ಹೆಗಲ ಮೇಲೆ ಹೊತ್ತು ನಾಟಿ ಪಟ್ಟಿ ಕಟ್ಟುವವರ ಮನೆಗೆ ಓಡಿದ. ಅತ್ತಿಗೆ ಕೋಪಕ್ಕೆ ಮಾತಾಡಲಿಲ್ಲ, ಆದರೆ ಎರಡು ತಟ್ಟೆ ಹಾಕಿದಳು. ಟೀ ಸೋಸುತ್ತಿದ್ದವನು ಸೋಸುವುದನ್ನು ನಿಲ್ಲಿಸಿ, “ಆಮೇಲೆ ತಾತ?” ಎಂದ.

ಮರುದಿನ ಬೆಳಗಿನ ಐದೂವರೆಗೆ ಮೂರನೆಯ ಬೇಸಿನ್ನಿನಿಂದ ಈ ಕಥೆ ಶುರುವಾಯಿತು. ಎರಡು ದಿನ ನಡೆಯಿತು. ಕೊನೆಯಾದಾಗ ನಾಗಶ್ರೀ ಸೆರಗಿಗೆ ಕೈ ಒರೆಸಿ ಫೋನಿನತ್ತ ಚಾಚಿದಳು, ಯಾಕೋ ಹಿಂದಕ್ಕೆ ತೆಗೆದಳು.

“ನಿಜ್ವಾಗ್ಲೂ ಹಂಗೇ ಮುಗೀತಾ ಅಕ್ಕ?”

“ನಮ್ಮಪ್ಪ ಯೋಳಿದ್ದು ಹಂಗೇಯ,” ಎಂದರು ಪುಟ್ಟಬಸಮ್ಮ, ಹೊಸ ಗೂಡಿನ ಎಳೆ ಹುಡುಕುತ್ತಾ.

ಒಂದು ಸಿನಿಮಾವನ್ನು ಕೊನೆಯವರೆಗೆ ತೋರಿಸುತ್ತೇನೆಂದು ಅವರು ಅಪ್ಪನಿಗೆ ಕೊಟ್ಟ ಮಾತು ನಡೆಯಲಿಲ್ಲ.