ವ್ಯಾನಿನಲ್ಲಿ ಬೈಸಿಕೊಳ್ಳದ ಹುಡುಗಿ

ಶಾಲೆಯ ವ್ಯಾನ್ ಓಡಿಸುವವನು ನಾನು, ಆಳುವವಳು ನನ್ನ ಹೆಂಡತಿ. ಬಾಗಿಲ ಬಳಿ ನಿಂತು ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಮೂಗು ಒರೆಸುವುದು, ಜಗಳ ಬಿಡಿಸುವುದು ಎಲ್ಲ ಅವಳೇ. ಅವಳ ಬಾಯಿಯ ವಿಷಯ ಕೇಳಲೇಬೇಡಿ. ಹಾರ್ನ್ ಕೆಟ್ಟು ವಾರವಾದರೂ ನಾನು ರಿಪೇರಿ ಮಾಡಿಸಿರಲಿಲ್ಲ, ಅಷ್ಟು ಸಾಕಲ್ಲ!

ವ್ಯಾನ್ ಹತ್ತುವ ಪ್ರತಿಯೊಬ್ಬರಿಗೂ ಬೆಳಗ್ಗೆ ಅವಳಿಂದ ಒಂದು ಮಂಗಳಾರತಿ ಖಾಯಂ. "ಏಯ್ ಕುಂಭಕರ್ಣ, ಇವತ್ತೂ ಹಲ್ಲುಜ್ಜಿಲ್ಲ ತಾನೇ?" "ಬನ್ನಿ ಮಹಾರಾಣಿ, ಪಲ್ಲಕ್ಕಿ ಕಳಿಸ್ಬೇಕಿತ್ತಾ?" ಮಕ್ಕಳೂ ಬಿಡುವವರಲ್ಲ, ಏಟಿಗೆ ಎದಿರೇಟು ಕೊಟ್ಟೇ ಒಳಗೆ ಹೋಗುತ್ತಾರೆ. ಶಾಲೆ ಬರುವ ಹೊತ್ತಿಗೆ ಗಂಟಲು ನೋಯುವಷ್ಟು ನಕ್ಕಿರುತ್ತಾರೆ.

ಅಂಥ ವ್ಯಾನಿಗೆ ಬಂದಳು ಒಂಬತ್ತನೇ ಕ್ಲಾಸಿನ ಹೊಸ ಹುಡುಗಿ. ಅಪ್ಪನಿಗೆ ವರ್ಗವಾಗಿ ವರ್ಷದ ನಡುವೆ ಸೇರಿದವಳು, ಎತ್ತರದ ಮೈಕಟ್ಟು, ತಗ್ಗಿಸಿದ ತಲೆ. ಮೊದಲ ದಿನವೇ ಸದ್ದಿಲ್ಲದೆ ಅತ್ತಳು. ನನ್ನ ಹೆಂಡತಿಯ ಕರುಳು ಚುರುಕ್ ಎಂದಿತು.

"ನೋಡ್ರೋ, ಈ ಮಗೂನ ಯಾರೂ ರೇಗಿಸಕೂಡದು. ಕಿಟಕಿ ಸೀಟು ಇವಳಿಗೇ. ಮೀರಿದ್ರೆ ಇಳಿಸಿ ನಡೆಸ್ತೀನಿ!"

ಕಿಟಕಿ ಸೀಟಿಗಾಗಿ ಜುಟ್ಟು ಹಿಡಿದು ಕಿತ್ತಾಡುವ ಮಕ್ಕಳು ಅವತ್ತಿನಿಂದ ಅವಳನ್ನು ಕಂಡೊಡನೆ ಎದ್ದು ನಿಲ್ಲತೊಡಗಿದರು. ಅವಳು ಕೂತರೆ ಪಿಸುಮಾತು. ನನ್ನ ಹೆಂಡತಿಯೋ, "ಮೆಲ್ಲಗೆ ಹತ್ತಮ್ಮ, ಜೋಪಾನ" ಎನ್ನುತ್ತಿದ್ದಳು. ಮದುವೆಯಾದಾಗಿನಿಂದ ಆ ದನಿಯನ್ನು ನಾನು ಕೇಳಿರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳು ಹೇಳಲಾರೆ.

ಒಂದು ಬೆಳಗ್ಗೆ ಹುಡುಗಿಯ ಮನೆ ಗೇಟಿನಲ್ಲಿ ಅವಳ ಅಮ್ಮ ಒಬ್ಬರೇ ನಿಂತಿದ್ದರು.

"ಇವತ್ತೂ ಹೊಟ್ಟೆನೋವಂತೆ. ಶಾಲೆನೇ ಬೇಡ ಅಂತಾಳೆ. ನಾಳೆ ಒಂದಿನ ಕಳಿಸಿ ನೋಡ್ತೀವಿ. ಆಗ್ಲಿಲ್ಲ ಅಂದ್ರೆ ಬಿಡಿಸಿ ಮನೇಲೇ ಓದಿಸ್ತೀವಿ."

"ಯಾರು ಏನಂದ್ರು? ಹೇಳಿ, ಚರ್ಮ ಸುಲೀತೀನಿ!" ನನ್ನ ಹೆಂಡತಿ ಸೆರಗು ಸಿಕ್ಕಿಸಿದಳು.

"ಯಾರೂ ಏನೂ ಅನ್ನಲ್ಲ, ಅದೇ ಅವಳ ಗೋಳು. ನೆಂಟರ ಥರ ಕೂರಿಸ್ತಾರಂತೆ. ಆ ಆಂಟಿ ಎಲ್ಲರನ್ನೂ ಬೈತಾರೆ, ನನ್ನೊಬ್ಬಳನ್ನ ಬಿಟ್ಟು ಅಂತ ನಿನ್ನೆ ಎಷ್ಟು ಅತ್ತಳು ಗೊತ್ತಾ?"

ಅವತ್ತು ದಾರಿಯುದ್ದಕ್ಕೂ ನನ್ನ ಹೆಂಡತಿ ಯಾರನ್ನೂ ಬೈಯಲಿಲ್ಲ. ನನಗೇ ಭಯವಾಯಿತು. ಸಂಜೆ ಸೀಟು ಗುಡಿಸುತ್ತಾ ಅಂದಳು, "ರೀ, ಪ್ರೀತಿ ಮಾಡ್ತೀನಿ ಅಂತ ಆ ಮಗೂನ ದೂರ ಇಟ್ಬಿಟ್ಟೆ."

"ಅದಕ್ಕೇನಂತೆ, ನಾಳೆ ಬೈದ್ಬಿಡು. ನಿನಗೇನು ಹೊಸದಾ?"

"ಅತ್ಕೊಂಡು ಮನೆಗೆ ಓಡಿದ್ರೆ? ಆಮೇಲೆ ಬರೋದೇ ಇಲ್ಲ ಕಣ್ರೀ."

ಬೈಯಲು ಹೆದರಿದ ನನ್ನ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಹುಡುಗಿ ಕಾಲೆಳೆಯುತ್ತಾ ಬಂದಳು. ನನ್ನ ಹೆಂಡತಿ ಬಾಯಿ ತೆರೆದಳು, ಮುಚ್ಚಿದಳು. ಕನ್ನಡಿಯಲ್ಲಿ ನೋಡುತ್ತಾ ನಾನು ವ್ಯಾನ್ ಹೊರಡಿಸದೆ ಕೂತೆ. ಕಿಟಕಿಯ ಬಳಿಯ ಹುಡುಗ ಎಂದಿನಂತೆ ಎದ್ದ.

"ಕೂತ್ಕೊಳ್ಳೋ! ಅವಳಿಗೇನು ಕಾಲಿಲ್ವಾ? ನೀನೇನೇ ಒಂಟೆ ಮರಿ, ಬಾಗಿಲಿಗೆ ಅಡ್ಡ ನಿಂತು ಫೋಟೋಗೆ ಪೋಸ್ ಕೊಡ್ತಿದ್ದೀಯಾ? ನಡಿ ಒಳಗೆ!"

ಹುಡುಗಿಯ ಮುಖ ಕೆಂಪಾಯಿತು. ಅಯ್ಯೋ, ಕೆಟ್ಟೆವು ಅಂದುಕೊಂಡೆ.

"ಆಂಟಿ," ಅಂದಳು ಅವಳು, "ಬಾಗಿಲು ತುಂಬಾ ನಿಂತಿರೋದು ನೀವು. ಜರುಗಿದ್ರೆ ತಾನೇ ನಾನು ಹೋಗೋದು?"

ಇಡೀ ವ್ಯಾನ್ ಹೋ ಎಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿಯೇ. ನಗುತ್ತಲೇ ಕಣ್ಣೊರೆಸಿಕೊಂಡಳು. ಹಿಂದಿನಿಂದ ಯಾರೋ, "ಇಲ್ಲಿ ಬಾರೇ, ಜಾಗ ಇದೆ" ಎಂದು ಕೈ ಹಿಡಿದೆಳೆದರು.

ಸಂಜೆ ಹುಡುಗಿಯ ಅಮ್ಮ ಗೇಟಿನಲ್ಲಿ ಕಾಯುತ್ತಿದ್ದರು. ವ್ಯಾನ್ ನಿಂತರೂ ಹುಡುಗಿ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಜಗಳ ತಾರಕಕ್ಕೇರಿತ್ತು.

"ಇಳಿಯೇ, ಮನೆ ಬಂತು!" ನನ್ನ ಹೆಂಡತಿ ಕೂಗಿದಳು.

"ಇರಿ ಆಂಟಿ, ಇವಳಿಗೊಂದು ಉತ್ತರ ಕೊಟ್ಟು ಬರ್ತೀನಿ!"

ಕೊನೆಗೂ ಇಳಿದಳು. ಅಮ್ಮ ಎದುರಿಗಿದ್ದದ್ದೂ ಕಾಣಲಿಲ್ಲ ಅವಳಿಗೆ. ತಿರುಗಿ ನಿಂತು, ಹೊರಟ ವ್ಯಾನಿನತ್ತ ಬೆರಳಾಡಿಸಿ ಕೂಗಿದಳು:

"ನಾಳೆ ಬರ್ತೀನಲ್ಲ, ಆಗ ಇದೆ ನಿಂಗೆ!"